ಅಗೆದ ಮಣ್ಣಿನ ಮೇಲೆ ಅಪ್ಪ ಕಾಲಿಡುವುದಿಲ್ಲ: ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಗೋಕಾಕ ತಾಲ್ಲೂಕಿನ ಸದಸ್ಯೆ):

ಡಾಕ್ಟರರಿಗೆ ನಮಸ್ಕಾರ. ಮಾಜಿ ಸೈನಿಕರ ಕುಟುಂಬಗಳ ಈ ಗುಂಪಿನಲ್ಲಿ ಪಿಂಚಣಿ, ಕ್ಯಾಂಟೀನ್ ಕಾರ್ಡಿನ ಮಾತೇ ಹೆಚ್ಚು. ನನ್ನ ಪ್ರಶ್ನೆ ಬೇರೆ ರೀತಿಯದು.

ನಮ್ಮ ಅಪ್ಪನಿಗೆ ಈಗ ಅರವತ್ತೆರಡು ದಾಟಿದೆ. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾಕ್ಕೆ ಹೋದಾಗ ಅವರಿಗೆ ಇಪ್ಪತ್ತನಾಲ್ಕು. ಹದಿನೇಳು ವರ್ಷದ ಸೇವೆ ಮುಗಿಸಿ ಊರಿಗೆ ಬಂದವರು ಅರವತ್ತರವರೆಗೆ ಬ್ಯಾಂಕಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದರು. ಇಷ್ಟು ವರ್ಷಗಳಲ್ಲಿ ಶ್ರೀಲಂಕಾದ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟವರಲ್ಲ. ಸಿಟ್ಟು ಜಾಸ್ತಿ, ನಿದ್ದೆ ಕಡಿಮೆ, ಸಂಜೆಗೆ ರಮ್. ಮಿಲಿಟರಿಯವರು ಇರುವುದೇ ಹೀಗೆ ಎಂದು ನಾವೂ ಸುಮ್ಮನಿದ್ದೆವು.

2025ರ ಮೇ ತಿಂಗಳಲ್ಲಿ ಟಿವಿಯಲ್ಲಿ ಹಗಲು ರಾತ್ರಿ ಸೈರನ್ ಸದ್ದು ಕೇಳಿಸುತ್ತಿತ್ತಲ್ಲ, ಆಗಿನಿಂದ ಪರಿಸ್ಥಿತಿ ಕೆಟ್ಟಿದೆ. ರಾತ್ರಿ ಕೈಕಾಲು ಬಡಿಯುತ್ತಾರೆ, ಒಮ್ಮೆ ಎಬ್ಬಿಸಲು ಹೋದ ಅವ್ವನ ಕೈ ತಿರುಚಿದರು. ನೀರಿನ ಪೈಪಿಗೆಂದು ನಮ್ಮ ಓಣಿಯ ರಸ್ತೆ ಅಗೆದು ಮಣ್ಣು ಮುಚ್ಚಿದ್ದಾರೆ. ಅಪ್ಪ ಆ ಮಣ್ಣಿನ ಮೇಲೆ ಕಾಲಿಡುವುದಿಲ್ಲ. ಕಬ್ಬಿನ ಗದ್ದೆಯೊಳಗೆ ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ. ಅಣ್ಣನ ಮಗಳಿಗೆ ಹದಿನೈದು ವರ್ಷ. ಅವಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೊರಟರೆ ಅಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ. ಅವಳೆಂದರೆ ಅವರಿಗೆ ಪ್ರಾಣ. ಇದು ಹುಚ್ಚೇ? ಮೂವತ್ತೆಂಟು ವರ್ಷಗಳ ನಂತರ ಬರಲು ಸಾಧ್ಯವೇ?

ಉತ್ತರ:

ತಂಗಿ, ಇದು ಹುಚ್ಚಲ್ಲ. ಮುಖ ನೋಡದೆ ಕಾಯಿಲೆಯ ಹೆಸರು ಹೇಳುವುದು ವೈದ್ಯನಿಗೆ ತಕ್ಕದ್ದಲ್ಲ, ಆದರೆ ನೀವು ಬರೆದದ್ದರಲ್ಲಿ ಯುದ್ಧದ ಆಘಾತದ ಗುರುತುಗಳು ಸ್ಪಷ್ಟವಾಗಿವೆ. ಪಿಟಿಎಸ್‌ಡಿ ಎನ್ನುವುದನ್ನು ನೀವು ಕೇಳಿರಬಹುದು. ಆದದ್ದು ಕನಸಾಗಿ, ನೆನಪಾಗಿ ಮತ್ತೆ ಮತ್ತೆ ಮೈಮೇಲೆ ಬರುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಸರಿಯುವುದು, ಮನಸ್ಸು ಮರಗಟ್ಟುವುದು ಅಥವಾ ತಪ್ಪಿತಸ್ಥ ಭಾವ ಕಾಡುವುದು, ಮೈ ಸದಾ ಕಾವಲಿನಲ್ಲಿರುವುದು. ಈ ನಾಲ್ಕೂ ತಿಂಗಳಿಗಿಂತ ಹೆಚ್ಚು ಕಾಲ ನಿಂತು ಬದುಕನ್ನು ಕೆಡಿಸಿದರೆ ಆ ಹೆಸರು ಕೊಡುತ್ತೇವೆ.

ಅಗೆದ ಮಣ್ಣಿನ ವಿಚಾರವನ್ನು ನಾನು ಎರಡು ಸಲ ಓದಿದೆ. ಉತ್ತರ ಶ್ರೀಲಂಕಾದ ಜಾಫ್ನಾದ ರಸ್ತೆಗಳಲ್ಲಿ ಹೊಸದಾಗಿ ಅಗೆದ ಮಣ್ಣೆಂದರೆ ನೆಲಬಾಂಬ್. ಅದನ್ನು ಗಮನಿಸಿದವನು ಬದುಕಿದ, ಗಮನಿಸದವನು ಕಾಲು ಕಳೆದುಕೊಂಡ, ಇಲ್ಲವೇ ಸತ್ತ. ನಿಮ್ಮ ತಂದೆಯ ಮೈ ಆ ಪಾಠವನ್ನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿತಿತು. ಯುದ್ಧ ಮುಗಿಯಿತು, ಇನ್ನು ಮರೆತುಬಿಡು ಎಂದು ಅದಕ್ಕೆ ಯಾರೂ ಹೇಳಲಿಲ್ಲ.

ಇಷ್ಟು ವರ್ಷಗಳ ನಂತರ ಹೇಗೆ ಎಂದು ಕೇಳಿದ್ದೀರಿ. ನೀವು ಹೇಳಿದ ಸಿಟ್ಟು, ನಿದ್ದೆಗೇಡು, ರಮ್, ಇವು ಮೂರೂ ಮೊದಲಿನಿಂದ ಇದ್ದವಲ್ಲ, ಆದ್ದರಿಂದ ಇದು ಈಗ ಬಂದದ್ದಲ್ಲ. ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುವ ಕೆಲಸ ಅವರ ಎಚ್ಚರಕ್ಕೊಂದು ಜಾಗ ಕೊಟ್ಟಿತ್ತು. ಕೆಲಸ ನಿಂತಿತು, ದಿನವೆಲ್ಲ ಖಾಲಿಯಾಯಿತು, ಅದರ ಮೇಲೆ ಟಿವಿಯ ಸೈರನ್. ಆ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ ಎಂದು ಆ ಮೇ ತಿಂಗಳಲ್ಲೇ ಕೇಂದ್ರ ಗೃಹ ಸಚಿವಾಲಯ ವಾಹಿನಿಗಳಿಗೆ ಸೂಚಿಸಬೇಕಾಯಿತು. ನಿವೃತ್ತಿಯ ನಂತರ ಹಳೆಯ ಯುದ್ಧ ಎದ್ದು ಕೂರುವುದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ.

ಒಂದು ಎಚ್ಚರಿಕೆ. ಐವತ್ತು ದಾಟಿದ ಗಂಡಸರು ಕನಸಿನಲ್ಲಿ ಕೈಕಾಲು ಬಡಿಯುವುದು ಕೆಲವೊಮ್ಮೆ ಪಾರ್ಕಿನ್ಸನ್‌ನಂಥ ನರರೋಗದ ಮುನ್ಸೂಚನೆಯೂ ಆಗಿರುತ್ತದೆ. ಎಲ್ಲವನ್ನೂ ಯುದ್ಧದ ಲೆಕ್ಕಕ್ಕೆ ಬರೆಯದೆ ನರರೋಗ ತಜ್ಞರಿಗೂ ತೋರಿಸಿ. ಮರೆವು ಹೆಚ್ಚಿದ್ದರೆ ಅದನ್ನೂ ಹೇಳಿ.

ರಾತ್ರಿ ಅವರನ್ನು ಮುಟ್ಟಿ ಎಬ್ಬಿಸಬೇಡಿ. ಕಾಲಿನ ಕಡೆ ದೂರದಲ್ಲಿ ನಿಂತು ಹೆಸರೋ ಸಂಬಂಧವೋ ಹಿಡಿದು ಕರೆಯಿರಿ, ದೀಪ ಹಾಕಿ, "ಇದು ನಮ್ಮ ಮನೆ" ಎಂದು ಹೇಳಿ. ಅವ್ವನಿಗೆ ಬೇರೆ ಹಾಸಿಗೆ ಇರಲಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ರಮ್ ಅನ್ನು ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ದಿನವೂ ಕುಡಿಯುವವರಿಗೆ ಹಠಾತ್ ನಿಲುಗಡೆಯಿಂದ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ವೈದ್ಯರ ಕಣ್ಣಮುಂದೆ ಇಳಿಸಬೇಕು.

ಜಡೆಯ ವಿಚಾರವನ್ನು ನೀವೂ ಊಹಿಸಬೇಡಿ, ನಾನೂ ಊಹಿಸುವುದಿಲ್ಲ. ಆ ಯುದ್ಧದಲ್ಲಿ ಎದುರಿಗಿದ್ದ ತಮಿಳು ಬಂಡುಕೋರರಲ್ಲಿ, ಅಂದರೆ ಎಲ್‌ಟಿಟಿಇಯಲ್ಲಿ, ಹುಡುಗಿಯರೂ ಇದ್ದರು, ಕೊರಳಲ್ಲಿ ಸಯನೈಡ್ ಕಟ್ಟಿಕೊಂಡಿದ್ದ ಹದಿಹರೆಯದವರಿದ್ದರು. ಇಷ್ಟು ಮಾತ್ರ ಹೇಳಬಲ್ಲೆ. ಉಳಿದದ್ದನ್ನು ಹೇಳುವವರು ಅವರೇ ಆಗಬೇಕು.

ಪ್ರತಿಕ್ರಿಯೆ (ನಿವೃತ್ತ ಸುಬೇದಾರ್, ಕೊಡಗು):

ಡಾಕ್ಟರ್ ಸಾಹೇಬರೇ, ತಪ್ಪು ತಿಳಿಯಬೇಡಿ. ನಾನೂ ಇಪ್ಪತ್ತೆಂಟು ವರ್ಷ ಸೇವೆ ಮಾಡಿದವನು. ನಮ್ಮ ಕಾಲದಲ್ಲಿ ಇಂಥ ಕಾಯಿಲೆಗಳಿರಲಿಲ್ಲ. ಇದು ಅಮೆರಿಕದವರು ಹುಟ್ಟಿಸಿದ ಹೆಸರು. ಸೈನಿಕನನ್ನು ರೋಗಿ ಎಂದು ಕರೆದರೆ ಅವನ ಮರ್ಯಾದೆ ಉಳಿಯುತ್ತದೆಯೇ?

ಉತ್ತರ:

ಸುಬೇದಾರ್ ಸಾಹೇಬರೇ, ಹೆಸರು ಅಮೆರಿಕದಿಂದ ಬಂತು ಎನ್ನುವುದು ನಿಜ. ವಿಯೆಟ್ನಾಂನಿಂದ ಮರಳಿದವರ ಒತ್ತಾಯದ ಫಲವಾಗಿ 1980ರಲ್ಲಿ ಅದು ಅಲ್ಲಿನ ಮನೋರೋಗಗಳ ಪಟ್ಟಿಗೆ ಸೇರಿತು. ಆದರೆ ನೋವಿಗೆ ಹೆಸರಿಡುವ ಮೊದಲೂ ನೋವು ಇತ್ತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ವೈದ್ಯಕೀಯ ಪತ್ರಿಕೆಯಲ್ಲಿ 'ಶೆಲ್ ಶಾಕ್' ಎಂದು ಬರೆದಾಗ, ಕೈ ನಡುಗುವ, ಮಾತು ನಿಂತುಹೋದ, ಕಣ್ಣು ಕಾಣದಂತಾದ ಸೈನಿಕರು ಫ್ರಾನ್ಸಿನ ಆಸ್ಪತ್ರೆಗಳಿಗೆ ಬರುತ್ತಿದ್ದರು. ಅದೇ ಯುದ್ಧದಲ್ಲಿ ಪಲಾಯನ, ಹೇಡಿತನದಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಹಲವರು ಮನಸ್ಸು ಮುರಿದವರಾಗಿದ್ದರು. ಬ್ರಿಟನ್ ಅವರಿಗೆ ಕ್ಷಮೆ ಕೊಟ್ಟದ್ದು 2006ರಲ್ಲಿ. ತೊಂಬತ್ತು ವರ್ಷ ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಹೇಡಿಯ ವಂಶ ಎನಿಸಿಕೊಂಡು ಬದುಕಿದರು. ಮರ್ಯಾದೆ ತೆಗೆಯುವುದು ಕಾಯಿಲೆಯ ಹೆಸರಲ್ಲ ಎಂದು ನನಗನ್ನಿಸುವುದು ಇದಕ್ಕೇ.

ನನ್ನದೇ ಒಂದು ವಿಷಯ ಹೇಳುತ್ತೇನೆ. 1988ರಲ್ಲಿ ನಾನು ಸೇನೆಯ ವೈದ್ಯ, ಯುವ ಕ್ಯಾಪ್ಟನ್. ಶ್ರೀಲಂಕಾದಿಂದ ಬಂದ ಗಾಯಾಳುಗಳ ವಾರ್ಡಿನಲ್ಲಿದ್ದೆ. ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಟಿತು, ಮೂಳೆ ಎಷ್ಟು ಚೂರಾಯಿತು ಎಂದು ಅಂಗುಲ ಅಂಗುಲ ಬರೆದುಕೊಂಡೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಬ್ಬನನ್ನೂ ಕೇಳಲಿಲ್ಲ. ಆಮೇಲೆ ನಾನು ಮನೋವೈದ್ಯಶಾಸ್ತ್ರ ಓದಲು ಆ ವಾರ್ಡೇ ಕಾರಣ. ಕೇಳದೆ ಬಿಟ್ಟ ಆ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಶ್ರೀಲಂಕಾದ ಯುದ್ಧವನ್ನು ಉಳಿದವುಗಳಿಂದ ಬೇರೆಯಾಗಿ ನೋಡಬೇಕು. 1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು, ನಮ್ಮವರು ಜಾಫ್ನಾಕ್ಕೆ ಹೋದಾಗ ಜನ ಹಾರ ಹಾಕಿದರು. ಅಕ್ಟೋಬರಿನಲ್ಲಿ ಅದೇ ಬೀದಿಗಳಿಂದ ಎಲ್‌ಟಿಟಿಇಯ ಗುಂಡು ಬಂತು. ಕಾಪಾಡಲು ಹೋದವನು ಕೊಲ್ಲಬೇಕಾಯಿತು, ಎದುರಿಗಿರುವವನು ಹೋರಾಟಗಾರನೋ ತೋಟದ ರೈತನೋ ಗೊತ್ತಾಗದೆ ಕೊಲ್ಲಬೇಕಾಯಿತು. ನಿರಪರಾಧಿಗಳೂ ಸತ್ತರು, ಜಾಫ್ನಾದ ಆಸ್ಪತ್ರೆಯೊಳಗೂ ಸತ್ತರು. ಇದನ್ನು ಮುಚ್ಚಿಟ್ಟು ಸೈನಿಕನ ಮನಸ್ಸಿನ ಬಗ್ಗೆ ಮಾತನಾಡುವುದು ಸುಳ್ಳಾಗುತ್ತದೆ. ಆ ಊರಿನ ಜನ ಹೊತ್ತ ಆಘಾತವನ್ನು ಅಲ್ಲಿನ ಮನೋವೈದ್ಯ ದಯಾ ಸೋಮಸುಂದರಂ ದಶಕಗಳ ಕಾಲ ದಾಖಲಿಸಿದ್ದಾರೆ. ಇತ್ತ ನಮ್ಮ ಹಳ್ಳಿಗಳಿಗೆ ಬಂದವರ ಪೈಕಿ ಹಲವರನ್ನು ಕಾಡುವುದು ಭಯಕ್ಕಿಂತ ಹೆಚ್ಚಾಗಿ ಪಾಪಪ್ರಜ್ಞೆ. ನಾನು ಮಾಡಬಾರದ್ದನ್ನು ಮಾಡಿದೆ, ತಡೆಯಬೇಕಾದ್ದನ್ನು ತಡೆಯಲಿಲ್ಲ ಎಂಬ ಕೊರಗು. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಟ್ಟ ಜೊನಾಥನ್ ಶೇ ಎಂಬ ವೈದ್ಯ ಇದನ್ನು ನೈತಿಕ ಗಾಯ ಎಂದು ಕರೆದರು. ಇಂಥವನಿಗೆ "ಧೈರ್ಯವಾಗಿರು" ಎಂದರೆ ಏನೂ ತಲುಪುವುದಿಲ್ಲ. ಅವನಲ್ಲಿ ಧೈರ್ಯಕ್ಕೆ ಕೊರತೆಯೇ ಇರಲಿಲ್ಲ.

1990ರ ಮಾರ್ಚ್ 24ರಂದು ಕೊನೆಯ ತುಕಡಿ ಅಲ್ಲಿಂದ ಹೊರಟಿತು. ಸಾವಿರದ ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಮದ್ರಾಸಿನಲ್ಲಿ ಸ್ವಾಗತಕ್ಕೆ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಒಂಬತ್ತು ವರ್ಷಗಳ ನಂತರ ಕಾರ್ಗಿಲ್ ಬಂತು. ಅದನ್ನು ದೇಶ ಟಿವಿಯಲ್ಲಿ ನೋಡಿತು, ಗೆದ್ದಿತು, ಊರೂರಿನಲ್ಲಿ ಮೆರವಣಿಗೆ ಮಾಡಿತು. ಅದು ಆಗಬೇಕಾದದ್ದೇ. ಆದರೆ ಎರಡೂ ಕಡೆ ಹೋದವರು ಒಂದೇ ಸೇನೆಯ ಹುಡುಗರು.

ನಮ್ಮ ನಾಡಿನ ಊರ ಹೊರಗೆ, ಕೆರೆ ಏರಿಯ ಮೇಲೆ ವೀರಗಲ್ಲುಗಳನ್ನು ನೋಡಿರುತ್ತೀರಿ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಸ್ವರ್ಗದಲ್ಲಿ ಲಿಂಗದ ಮುಂದೆ ಕೂತ ವೀರ. ಸತ್ತವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ತಿರುಗಿ ಬಂದು ಮೂವತ್ತು ವರ್ಷ ನಿದ್ದೆಗೆಟ್ಟವನನ್ನು ಆ ಕಲ್ಲಿನ ಯಾವ ಅಂಕಣದಲ್ಲಿ ಕೆತ್ತುತ್ತೀರಿ?

ಪ್ರಶ್ನೆ (ಹುಕ್ಕೇರಿಯ ಸದಸ್ಯೆ):

ಸರ್, ನನ್ನ ಯಜಮಾನರು ಈಗ ಕಾಶ್ಮೀರದ ಕುಪ್ವಾರಾ ಕಡೆ ಇದ್ದಾರೆ. ರಜೆಯಲ್ಲಿ ಬಂದಾಗ ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗುತ್ತಾರೆ, "ಬದುಕಿದ್ದು ಏನು ಮಾಡಬೇಕು" ಎಂದು ಒಮ್ಮೆ ಅಂದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಕ್ಯಾಟಗರಿ ಹೋಗುತ್ತದೆ, ಪ್ರಮೋಷನ್ ನಿಲ್ಲುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ:

ತಾಯಿ, ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇವತ್ತೇ ಅವರಿಗೆ ಫೋನ್ ಮಾಡಿ, "ಸಾಯುವ ಯೋಚನೆ ಬರುತ್ತಿದೆಯೇ" ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಹೌದು ಎಂದರೆ ಅವರ ಘಟಕದ ವೈದ್ಯಾಧಿಕಾರಿಗೆ ತಿಳಿಯಲೇಬೇಕು, ಆಗ ಕ್ಯಾಟಗರಿಯ ಲೆಕ್ಕ ಬೇಡ. ಕೈಯಲ್ಲಿ ಆಯುಧವಿರುವ ಮನುಷ್ಯ ಅವರು.

ಅವರ ಭಯ ಆಧಾರವಿಲ್ಲದ್ದಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಸೈನಿಕರ ಆರೋಗ್ಯವನ್ನು ಅಳೆಯುವ ಸೇನೆಯ 'ಶೇಪ್' ವರ್ಗೀಕರಣದಲ್ಲಿ ಮೊದಲ ಅಕ್ಷರ 'ಎಸ್' ಮನಸ್ಸಿಗೆ ಸಂಬಂಧಿಸಿದ್ದು. ಅದು ಇಳಿದರೆ ಪೋಸ್ಟಿಂಗಿಗೆ, ಬಡ್ತಿಗೆ ತೊಡಕಾಗಬಹುದು. ಆದರೆ 24 ವಾರಗಳ ತಾತ್ಕಾಲಿಕ ವರ್ಗ ಎಂಬುದಿದೆ, ಚಿಕಿತ್ಸೆಯ ನಂತರ ಮರುಪರಿಶೀಲನೆ ಇದೆ. ಗುಣವಾಗಿ ಮತ್ತೆ ಶೇಪ್ ಒಂದಕ್ಕೆ, ಅಂದರೆ ಪೂರ್ಣ ಆರೋಗ್ಯದ ವರ್ಗಕ್ಕೆ, ಏರಿದವರಿಗೆ ನಾನೇ ಸಹಿ ಹಾಕಿದ್ದೇನೆ. ಅಡಗಿಸಿಟ್ಟು ಕುಡಿತಕ್ಕೆ ಬಿದ್ದವರ, ಮೇಲಧಿಕಾರಿಯೊಡನೆ ಜಗಳವಾಡಿ ಶಿಕ್ಷೆಗೆ ಒಳಗಾದವರ ಕಡತಗಳನ್ನೂ ನೋಡಿದ್ದೇನೆ. ಮೊದಲು ಮಾತನಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಸೇನೆಯವರಿಗೂ ಅವರ ಕುಟುಂಬಕ್ಕೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಿಂದ ಅದರದೇ ವಿಶೇಷ ಘಟಕವಿದೆ. ನೀವೂ ಕರೆ ಮಾಡಿ. ನಿಮಗೂ ನಿದ್ದೆ ಇಲ್ಲವೆಂದು ನಿಮ್ಮ ಬರಹದಲ್ಲೇ ಕಾಣುತ್ತದೆ.

ಪ್ರಶ್ನೆ (ಗೋಕಾಕ ತಾಲ್ಲೂಕಿನ ಸದಸ್ಯೆ, ಮತ್ತೆ):

ಎಲ್ಲವನ್ನೂ ಓದಿದೆ, ಅವ್ವನಿಗೂ ಓದಿ ಹೇಳಿದೆ. ಒಂದು ಹಳೆಯ ವಿಷಯ ನೆನಪಾಯಿತು. ಒಮ್ಮೆ ಜುಲೈ 26ರಂದು ಊರಿನ ಶಾಲೆಯಲ್ಲಿ ಮಾಜಿ ಸೈನಿಕರನ್ನು ಕರೆದಿದ್ದರು. ಅಪ್ಪ ಪದಕ ಹಾಕಿಕೊಂಡು ಹೋಗಿದ್ದರು. "ಕಾರ್ಗಿಲ್‌ನಲ್ಲಿ ನಿಮ್ಮ ಅನುಭವ ಹೇಳಿ" ಎಂದು ಮೈಕ್ ಕೊಟ್ಟರು. "ನಾನು ಶ್ರೀಲಂಕಾದಲ್ಲಿದ್ದವನು" ಎಂದರು. ಮೈಕ್ ಪಕ್ಕದವರಿಗೆ ಹೋಯಿತು. ಆ ಪದಕ ಆಮೇಲೆ ಟ್ರಂಕಿನಿಂದ ಹೊರಗೆ ಬಂದಿಲ್ಲ. ಈಗ ನಾನು ಅವರ ಹತ್ತಿರ ಹೇಗೆ ಮಾತು ತೆಗೆಯಲಿ? ಈ ವಯಸ್ಸಿನಲ್ಲಿ ಗುಣವಾಗುತ್ತದೆಯೇ?

ಉತ್ತರ:

ಆ ಮೈಕಿನ ಬಗ್ಗೆ ನೀವು ಬರೆದದ್ದನ್ನು ಸುಬೇದಾರ್ ಸಾಹೇಬರೂ ಓದಲಿ ಎಂದು ಬಯಸುತ್ತೇನೆ.

ಯುದ್ಧದಿಂದ ಮಾತು ತೆಗೆಯಬೇಡಿ. ಎಷ್ಟು ಜನರನ್ನು ಹೊಡೆದಿರಿ ಎಂಬ ಪ್ರಶ್ನೆ ಮನೆಯ ಹುಡುಗರ ಬಾಯಿಂದಲೂ ಬಾರದಿರಲಿ. ಜೊತೆಗಾರರ ಬಗ್ಗೆ ಕೇಳಿ, ಅಲ್ಲಿ ಏನು ತಿನ್ನುತ್ತಿದ್ದರು, ಮನೆಗೆ ಪತ್ರ ಎಷ್ಟು ದಿನಕ್ಕೆ ಬರುತ್ತಿತ್ತು ಎಂದು ಕೇಳಿ. ಅವರು ನಿಲ್ಲಿಸಿದ ಕಡೆ ನೀವೂ ನಿಲ್ಲಿ. ಏನಾದರೂ ಕಠಿಣವಾದದ್ದನ್ನು ಹೇಳಿದರೆ "ನಿಮ್ಮ ತಪ್ಪಿಲ್ಲ ಬಿಡಿ ಅಪ್ಪಾ" ಎಂದು ತಕ್ಷಣ ಮುಚ್ಚಬೇಡಿ. ಹಾಗೆಂದರೆ, ಇನ್ನು ಹೇಳಬೇಡಿ ಎಂದು ಅವರಿಗೆ ಕೇಳಿಸುತ್ತದೆ. ಕೂತು ಕೇಳಿಸಿಕೊಂಡರೆ ಸಾಕು. ರಸ್ತೆಯ ಮಣ್ಣು ತುಳಿಯಿರಿ ಎಂದು ಬಲವಂತ ಬೇಡ. ಕ್ರಮೇಣ, ತರಬೇತಿಯುಳ್ಳ ಚಿಕಿತ್ಸಕರ ಜೊತೆಗೆ ಮಾಡುವ ಕೆಲಸ ಅದು.

ವಯಸ್ಸು ಅಡ್ಡಿಯಲ್ಲ. ಭಯದ ನೆನಪನ್ನು ಸುರಕ್ಷಿತ ಜಾಗದಲ್ಲಿ ಕೂತು ಹಂತ ಹಂತವಾಗಿ ಎದುರಿಸುವ ಚಿಕಿತ್ಸೆ ಇದೆ, ಪಾಪಪ್ರಜ್ಞೆಯ ಗಂಟನ್ನು ಬಿಡಿಸುವ ಮಾತಿನ ಚಿಕಿತ್ಸೆ ಇದೆ. ಸರ್ಟ್ರಲೀನ್‌ನಂಥ ಮಾತ್ರೆಗಳು ಹಲವರಿಗೆ ನೆರವಾಗುತ್ತವೆ. ಕೆಟ್ಟ ಕನಸಿಗೆ ಪ್ರಾಝೋಸಿನ್ ಕೊಡುವುದುಂಟು, ಆದರೆ ಅದರಿಂದ ರಕ್ತದೊತ್ತಡ ಇಳಿದು ಎದ್ದಾಗ ತಲೆ ಸುತ್ತಬಹುದು, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನಿದ್ದೆಗೆಂದು ಅಲ್ಪ್ರಜೋಲಾಮ್ ಕೊಟ್ಟು ತಿಂಗಳುಗಟ್ಟಲೆ ಮುಂದುವರಿಸುವವರಿದ್ದಾರೆ. ಅದು ಬೇಡ, ರಮ್ ಜೊತೆಗಂತೂ ಅಪಾಯ. ಕನಸು ಪೂರ್ತಿ ನಿಲ್ಲುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ವಾರಕ್ಕೆ ಆರು ರಾತ್ರಿ ಎದ್ದು ಕೂರುತ್ತಿದ್ದವರು ಒಂದು ರಾತ್ರಿಗೆ ಇಳಿದದ್ದನ್ನು ಕಂಡಿದ್ದೇನೆ. ಆ ಮನೆಗಳ ಹೆಂಗಸರನ್ನು ಕೇಳಿದರೆ ಅದೆಷ್ಟು ದೊಡ್ಡದೆಂದು ಹೇಳುತ್ತಾರೆ.

ಸೋಮವಾರ ಅವರ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್, ಡಿಸ್ಚಾರ್ಜ್ ಬುಕ್ ಎರಡನ್ನೂ ತೆಗೆದುಕೊಂಡು ಪಾಲಿಕ್ಲಿನಿಕ್‌ಗೆ ಕರೆದೊಯ್ಯಿರಿ. "ಮನಸ್ಸಿನ ಡಾಕ್ಟರು" ಎಂದರೆ ಹೊರಡಲಿಕ್ಕಿಲ್ಲ. ಸುಳ್ಳು ಹೇಳಬೇಡಿ, "ನಿದ್ದೆಗೆ ತೋರಿಸೋಣ" ಎನ್ನಿ, ಅದು ನಿಜವೇ. ಮನೋವೈದ್ಯರಿಗೆ, ನರರೋಗ ತಜ್ಞರಿಗೆ ಎರಡು ಬೇರೆ ಬೇರೆ ರೆಫರಲ್ ಕೇಳಿ ಪಡೆಯಿರಿ. ಒಂದು ವಾರ ರಾತ್ರಿ ಎಷ್ಟು ಗಂಟೆಗೆ ಎದ್ದರು, ಏನೆಂದು ಕೂಗಿದರು, ಎಷ್ಟು ಕುಡಿದರು ಎಂದು ಅವ್ವನಿಂದ ಬರೆಸಿಟ್ಟರೆ ವೈದ್ಯರಿಗೆ ಉಪಯೋಗ.

ಪ್ರತಿಕ್ರಿಯೆ (ನಿವೃತ್ತ ಸುಬೇದಾರ್, ಕೊಡಗು):

ಓದಿದೆ, ಸಾಹೇಬರೇ. ತಂಗಿ, ನಿಮ್ಮ ತಂದೆಯವರ ಪಲ್ಟನ್ ಯಾವುದೆಂದು ನನಗೆ ಪ್ರತ್ಯೇಕವಾಗಿ ಬರೆಯಿರಿ. 1988ರಲ್ಲಿ ನಾನೂ ಶ್ರೀಲಂಕಾದಲ್ಲಿ, ವವುನಿಯಾದಲ್ಲಿದ್ದೆ. ಅವರಿಗೆ ಇಷ್ಟವಿದ್ದರೆ ಫೋನಿನಲ್ಲಿ ಮಾತನಾಡುತ್ತೇನೆ.