ಫಂಕ್ಷನ್ ಫೈಲಲ್ಲೇ ಇದೆ, ನೋಡ್ ಮಾತ್ರ "ಈಸ್ ನಾಟ್ ಎ ಫಂಕ್ಷನ್" ಅಂತಿದೆ

ಚುರುಮುರಿ:
ನಮಸ್ಕಾರ ಎಲ್ರಿಗೂ. ನೋಡ್ ಜೆಎಸ್ 20 (ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡ್ಸೋದು), ಅದ್ರ ಮೇಲೆ ಎಕ್ಸ್‌ಪ್ರೆಸ್ ಅನ್ನೋ ವೆಬ್ ಫ್ರೇಮ್‌ವರ್ಕ್. ಮೊದ್ಲು ಎಲ್ಲಾ ಕೋಡೂ ಒಂದೇ ಆಪ್ ಫೈಲಲ್ಲಿ ಇತ್ತು, ಏನೆಲ್ಲಿದೆ ಅಂತ ಹುಡ್ಕೋದೇ ಕೆಲ್ಸ ಆಗ್ಬಿಟ್ಟು ಯೂಸರ್ಸ್, ಆರ್ಡರ್ಸ್ ಅಂತ ಎರಡು ಫೈಲ್ ಮಾಡ್ದೆ, ಎರಡರಲ್ಲೂ ಕೊನೇಲಿ ಮಾಡ್ಯೂಲ್ ಡಾಟ್ ಎಕ್ಸ್‌ಪೋರ್ಟ್ಸ್‌ಗೆ (ಬೇರೆ ಫೈಲ್‌ಗಳಿಗೆ ಸಿಗೋದು ಇದೇ) ಹೊಸ ಆಬ್ಜೆಕ್ಟ್ ಕೊಟ್ಟಿದೀನಿ. ಈಗ ಆರ್ಡರ್ಸ್ ಒಳಗೆ ಯೂಸರ್ಸಲ್ಲಿರೋ ಗೆಟ್‌ಯೂಸರ್ ಕರೆದ್ರೆ "ಈಸ್ ನಾಟ್ ಎ ಫಂಕ್ಷನ್". ಲಾಗ್ ಮಾಡಿದ್ರೆ ಅನ್‌ಡಿಫೈನ್ಡ್, ಅಂದ್ರೆ ಅಲ್ಲೇನೂ ಇಲ್ಲ. ತಮಾಷೆ ಏನಂದ್ರೆ ಆರ್ಡರ್ಸ್ ಟೆಸ್ಟ್ ಮಾತ್ರ ಪಾಸ್ ಆಗತ್ತೆ! ಸ್ಪೆಲಿಂಗ್ ಎಲ್ಲಾ ನೋಡ್ದೆ, ಸರಿ ಇದೆ.

ಮಳೆಗಾಲ:
ಯೂಸರ್ಸ್ ಫೈಲೂ ಆರ್ಡರ್ಸನ್ನ ರಿಕ್ವೈರ್ ಮಾಡ್ತಿದ್ಯಾ, ಅಂದ್ರೆ ಲೋಡ್ ಮಾಡಿ ತರಿಸ್ಕೊಳ್ತಿದ್ಯಾ?

ಚುರುಮುರಿ:
ಹೌದು, ಪ್ರೊಫೈಲ್ ಪೇಜಲ್ಲಿ ಕೊನೇ ಆರ್ಡರ್ ತೋರ್ಸೋಕೆ.

ಮಳೆಗಾಲ:
ಹಾಗಿದ್ರೆ ಸರ್ಕ್ಯುಲರ್ ಡಿಪೆಂಡೆನ್ಸಿ, ಒಂದನ್ನೊಂದು ಕರೆಯೋ ಸುತ್ತು. ಆಪ್ ಮೊದ್ಲು ಯೂಸರ್ಸನ್ನ ಕರೆಯತ್ತೆ, ಅದ್ರ ಮೊದಲ್ನೇ ಸಾಲೇ ಆರ್ಡರ್ಸ್ ಕರೆಯತ್ತೆ, ಆರ್ಡರ್ಸ್ ತಿರುಗಿ ಯೂಸರ್ಸ್ ಕೇಳತ್ತೆ. ಯೂಸರ್ಸ್ ಇನ್ನೂ ಅರ್ಧಕ್ಕೇ ನಿಂತಿದೆ, ಆದ್ರೆ ಕ್ಯಾಶಲ್ಲಿ (ಲೋಡ್ ಮಾಡೋಕೆ ಶುರು ಮಾಡಿದ ಫೈಲ್‌ಗಳನ್ನ ನೋಡ್ ನೆನಪಿಟ್ಕೊಳ್ಳೋ ಜಾಗ) ಅದ್ರ ಹೆಸ್ರಿಗೆ ಒಂದು ಖಾಲಿ ಆಬ್ಜೆಕ್ಟ್ ಕೂತಿರತ್ತೆ, ನೋಡ್ ಅದನ್ನೇ ಎತ್ತಿ ಕೊಡತ್ತೆ. ಎರರ್ ಹೊಡೆಯಲ್ಲ. ನೀವು ಅದ್ರಿಂದ ಗೆಟ್‌ಯೂಸರ್ ಕಿತ್ಕೊಂಡ್ರೆ ಅನ್‌ಡಿಫೈನ್ಡ್ ತಾನೇ ಸಿಗೋದು. ಟೆಸ್ಟಲ್ಲಿ ಆರ್ಡರ್ಸ್ ಮೊದ್ಲು ಲೋಡ್ ಆಗೋದ್ರಿಂದ ಅದಕ್ಕೆ ಪೂರ್ತಿ ಯೂಸರ್ಸ್ ಸಿಗತ್ತೆ, ಅಲ್ಲಿ ಅರ್ಧಂಬರ್ಧ ಸಿಗೋದು ಯೂಸರ್ಸ್‌ಗೆ, ಟೆಸ್ಟ್ ಆ ಕಡೆ ಹೋಗೇ ಇಲ್ಲ ಅನ್ಸತ್ತೆ.
ಟರ್ಮಿನಲ್ಲಲ್ಲಿ "ಸರ್ಕ್ಯುಲರ್ ಡಿಪೆಂಡೆನ್ಸಿ" ಅಂತ ಒಂದು ವಾರ್ನಿಂಗ್ ಬಂದಿರ್ಬೇಕು ನೋಡಿ, ನೋಡ್ 14ರಿಂದ ಕೊಡತ್ತೆ. ಟ್ರೇಸ್-ವಾರ್ನಿಂಗ್ಸ್ ಫ್ಲ್ಯಾಗ್ ಹಾಕಿ ಓಡ್ಸಿದ್ರೆ ಯಾವ ಸಾಲು ಅಂತನೂ ಹೇಳತ್ತೆ.

ಗಿರ್ಮಿಟ್:
ಅಷ್ಟೆಲ್ಲಾ ಯಾಕ್ರೀ, ರಿಕ್ವೈರನ್ನ ಫಂಕ್ಷನ್ ಒಳಗ ಹಾಕ್ರಿ, ಕೆಲ್ಸ ಆಗ್ತದ.

ಮಳೆಗಾಲ:
ಆಗತ್ತೆ ಸರ್, ಇವತ್ತು ರಾತ್ರಿನೇ ಡಿಪ್ಲಾಯ್ ಇದ್ರೆ ನಾನೂ ಅದೇ ಮಾಡ್ತೀನಿ. ಆದ್ರೆ ಸುತ್ತು ಹಂಗೇ ಉಳ್ಯತ್ತೆ, ನಾಳೆ ಪೇಮೆಂಟ್ಸ್ ಅಂತ ಮೂರನೇದು ಸೇರಿದ್ರೆ ಯಾರು ಯಾರನ್ನ ಕರೀತಿದಾರೆ ಅಂತ ಫೈಲ್ ಮೇಲ್ಗಡೆ ನೋಡಿ ಗೊತ್ತಾಗಲ್ಲ. ಇಲ್ಲಿ ಆರ್ಡರ್‌ಗೆ ಯೂಸರ್ ಬೇಕೇ ಬೇಕು, ಯೂಸರ್‌ಗೆ ಆರ್ಡರ್ ನಿಜವಾಗ್ಲೂ ಬೇಕಾಗಿಲ್ಲ, ಬೇಕಿರೋದು ಪ್ರೊಫೈಲ್ ಪೇಜಿಗೆ. ಆ ಒಂದು ಫಂಕ್ಷನ್ನ ಪ್ರೊಫೈಲ್ ಅಂತ ಬೇರೆ ಫೈಲಿಗೆ ಹಾಕಿ, ಅದು ಎರಡನ್ನೂ ರಿಕ್ವೈರ್ ಮಾಡ್ಲಿ, ಅದನ್ನ ಇವೆರಡೂ ಮುಟ್ಟೋದು ಬೇಡ. ಯೂಸರ್ಸಿಂದ ಆರ್ಡರ್ಸ್ ರಿಕ್ವೈರ್ ತೆಗೀರಿ. ಪ್ರಾಜೆಕ್ಟಲ್ಲಿ ಬೇರೆ ಸುತ್ತು ಇದ್ಯಾ ಅಂತ ಮ್ಯಾಡ್ಜ್ ಅನ್ನೋ ಟೂಲ್‌ನ ಸರ್ಕ್ಯುಲರ್ ಆಪ್ಷನ್ ಹಾಕಿ ಓಡ್ಸಿ ನೋಡಿ.

ಹೊಸಬ:
ಮಧ್ಯೆ ಬಂದೆ ಸಾರಿ, ರಿಕ್ವೈರ್ ಬಿಟ್ಟು ಇಂಪೋರ್ಟ್‌ಗೆ ಬದ್ಲಾಯ್ಸಿದ್ರೆ ಈ ತಲೆನೋವೇ ಇರಲ್ವಾ?

ಮಳೆಗಾಲ:
ಸ್ವಲ್ಪ ಕಮ್ಮಿ. ಅಲ್ಲಿ ಕಾಪಿ ಬರಲ್ಲ, ಲೈವ್ ಬೈಂಡಿಂಗ್, ಅಂದ್ರೆ ಮೂಲಕ್ಕೇ ನೇರ ಕೊಂಡಿ, ಹಾಗಾಗಿ ಎಲ್ಲಾ ಲೋಡ್ ಆದ್ಮೇಲೆ ಕರೆದ್ರೆ ಸಿಗತ್ತೆ. ಲೋಡ್ ಆಗ್ತಿರೋವಾಗ್ಲೇ ಆ ಕಡೆ ಕಾನ್ಸ್ಟ್ ಅಂತ ಬರೆದಿರೋ ವೇರಿಯಬಲ್ ಮುಟ್ಟಿದ್ರೆ "ಬಿಫೋರ್ ಇನಿಷಿಯಲೈಸೇಷನ್" ಅಂತ ರೆಫರೆನ್ಸ್ ಎರರ್. ಸುಮ್ನೆ ಅನ್‌ಡಿಫೈನ್ಡ್ ಕೊಡೋದಕ್ಕಿಂತ ಅದೇ ವಾಸಿ ಬಿಡಿ.

ಚುರುಮುರಿ:
ಪ್ರೊಫೈಲ್ ಬೇರೆ ಮಾಡ್ದೆ, ಲ್ಯಾಪ್‌ಟಾಪಲ್ಲಿ ಓಡ್ತು, ಥ್ಯಾಂಕ್ಸ್ ಗುರು! ಸರ್ವರಿಗೆ ಹಾಕಿದ್ರೆ ಈಗ "ಕೆನಾಟ್ ಫೈಂಡ್ ಮಾಡ್ಯೂಲ್" 😩

ಗಿರ್ಮಿಟ್:
ವಿಂಡೋಸ್ ಏನ್ರಿ ನಿಮ್ದು? ಫೈಲ್ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್ ಅದನೋ ಸ್ಮಾಲ್ ಅದನೋ ನೋಡ್ರಿ, ವಿಂಡೋಸ್ ಎರಡೂ ಒಂದೇ ಅಂತದ, ಲಿನಕ್ಸ್ ಸರ್ವರ್ ಒಪ್ಪಂಗಿಲ್ಲ.

ಚುರುಮುರಿ:
ಅದೇ ಆಗಿತ್ತು! ಹೆಸ್ರು ಬದ್ಲಾಯ್ಸಿದ್ರೂ ಗಿಟ್ (ಕೋಡ್ ಬದಲಾವಣೆ ದಾಖಲಿಸೋ ಟೂಲ್) ಏನೂ ಚೇಂಜ್ ಇಲ್ಲ ಅಂತಿದೆ.

ಗಿರ್ಮಿಟ್:
ಎಕ್ಸ್‌ಪ್ಲೋರರ್‌ದಾಗ ಬದಲಿಸಬ್ಯಾಡ್ರಿ, ಹೆಸರು ಬದಲಿಸೋ ಗಿಟ್ ಎಂವಿ ಕಮಾಂಡ್ ಹೊಡೀರಿ, ಆಮೇಲೆ ಕಮಿಟ್.

ಚುರುಮುರಿ:
ಆಯ್ತು, ಸರ್ವರ್ ಎದ್ದಿದೆ. ಇಬ್ರಿಗೂ ಥ್ಯಾಂಕ್ಸ್ 🙏