‘ಮನೆಮಂದಿ’ ಗುಂಪಲ್ಲಿ ಡೊಂಕು ನಾಣ್ಯದ ಜಗಳ

ಮೈಸೂರು ಮಾವ: (ಫಾರ್ವರ್ಡ್) “ಬೇಸ್‌ಬಾಲ್ ಮ್ಯೂಸಿಯಂಗೋಸ್ಕರ ನಾಣ್ಯ ಹೊಡೆಸಲು ಅಮೆರಿಕ ಸಂಸತ್ತಿನಲ್ಲಿ ಕಾಯ್ದೆ! ಜನರ ತೆರಿಗೆ ನೀರುಪಾಲು!!” ನೋಡ್ರಪ್ಪಾ, ಅಲ್ಲೂ ಇದೇ ಕಥೆ.

ಪುಟ್ಟ ನ್ಯೂಜೆರ್ಸಿ: ಮಾವ, ಅದು 2012ರ ಕಾಯ್ದೆ, ಈಗ್ಯಾಕೆ ಓಡಾಡ್ತಿದೆಯೋ. ನೆನಪಿಗೆ ಅಂತ ಕೊಂಡಿಟ್ಕೊಳ್ಳೋ ನಾಣ್ಯ ಅದು, ಬಂದಿದ್ದು 2014ರಲ್ಲಿ. ಚಿನ್ನದ್ದಕ್ಕೆ 35 ಡಾಲರ್, ಬೆಳ್ಳೀದಕ್ಕೆ 10, ಅರ್ಧ ಡಾಲರಿನದ್ದಕ್ಕೆ 5 ಡಾಲರ್ ಮೇಲೆ ಸೇರಿಸಿ ಮಾರಿದ್ರು. ಆ ಮೇಲಿನ ದುಡ್ಡು ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ, ಅಂದ್ರೆ ಆ ಬೇಸ್‌ಬಾಲ್ ಮ್ಯೂಸಿಯಂಗೆ. ಎಲ್ಲಾ ಕೊಂಡವರ ಜೇಬಿಂದ.

ಮೈಸೂರು ಮಾವ: ಅರ್ಧ ಡಾಲರ್ ನಾಣ್ಯಕ್ಕೆ 5 ಡಾಲರ್ ಮೇಲೆ? ಮುಖಬೆಲೆಯ ಹತ್ತು ಪಟ್ಟು ಕಾಣಿಕೆ! ತಿರುಪತಿ ಹುಂಡಿನೇ ವಾಸಿ.

ಶೈಲಕ್ಕ: ಟಂಕಸಾಲೆ ಖರ್ಚು ಯಾರ ತಲೆಗೆ ಪುಟ್ಟಾ?

ಪುಟ್ಟ ನ್ಯೂಜೆರ್ಸಿ: ಅದೂ ಮಾರಾಟದ ದುಡ್ಡಲ್ಲೇ ಅಕ್ಕ. ಆ ಖರ್ಚು ಪೂರ್ತಿ ವಾಪಸ್ ಬರೋವರೆಗೂ ಮ್ಯೂಸಿಯಂಗೆ ಬಿಡಿಗಾಸಿಲ್ಲ. ಜೊತೆಗೆ ಅವರೂ ಖಾಸಗಿಯವರಿಂದ ಅಷ್ಟೇ ದುಡ್ಡು ಎತ್ತಿ ತೋರಿಸ್ಬೇಕು.

ಶೈಲಕ್ಕ: ಆದ್ರೂ ಕೋಟಿಗಟ್ಟಲೆ ಸಂಬಳದ ಆಟಕ್ಕೆ ಸಂಸತ್ತು ಯಾಕೆ ಡಬ್ಬಿ ಹಿಡೀಬೇಕು?

ಪುಟ್ಟ ನ್ಯೂಜೆರ್ಸಿ: ಅದನ್ನ ಒಪ್ತೀನಿ. ಆದ್ರೆ 2022ರಲ್ಲಿ ಕ್ಯಾನ್ಸಸ್ ಸಿಟಿಯ ನೀಗ್ರೋ ಲೀಗ್ಸ್ ಮ್ಯೂಸಿಯಂಗೂ ಹೀಗೇ ನಾಣ್ಯ ಬಂತು. ಕಪ್ಪು ಆಟಗಾರರನ್ನ ದೊಡ್ಡ ಲೀಗಿಗೆ ಸೇರಿಸ್ತಾ ಇರ್ಲಿಲ್ಲ, 1920ರಲ್ಲಿ ತಾವೇ ಒಂದು ಲೀಗ್ ಕಟ್ಕೊಂಡ್ರು. ಅಂಥದಕ್ಕೆ ಡಬ್ಬಿ ಹಿಡಿದ್ರೆ ನಂಗೇನೂ ತಕರಾರಿಲ್ಲ.

ಮೈಸೂರು ಮಾವ: ಒಬ್ರಿಗೆ ಕೊಟ್ರೆ ಊರೆಲ್ಲ ಸಾಲು ನಿಲ್ಲುತ್ತೆ.

ಪುಟ್ಟ ನ್ಯೂಜೆರ್ಸಿ: ನಿಂತಿತ್ತು ಮಾವ. ಅಟ್ಲಾಂಟಾ ಒಲಿಂಪಿಕ್ಸ್‌ಗೆ 1995-96ರಲ್ಲಿ ರಾಶಿ ನಾಣ್ಯ ಹೊಡೆದು, ಬಿಕರಿಯಾಗದೆ ಕೈ ಸುಟ್ಕೊಂಡ್ರು. ಆಮೇಲೆ ಇಂಥ ನಾಣ್ಯ ವರ್ಷಕ್ಕೆ ಎರಡೇ ವಿಷಯದ ಮೇಲೆ ಅಂತ ಕಟ್ಟು ಹಾಕಿದ್ರು.

ಪುಟ್ಟ ನ್ಯೂಜೆರ್ಸಿ: (ಫೋಟೊ) ಇದು ನನ್ನ ಹತ್ರ ಇರೋ ಅರ್ಧ ಡಾಲರ್. ಒಂದು ಕಡೆ ತಗ್ಗು, ಅಲ್ಲಿ ಗ್ಲೌಸು. ಇನ್ನೊಂದು ಕಡೆ ಉಬ್ಬು, ಚೆಂಡಿನ ಹೊಲಿಗೆ ಸಮೇತ. ಮೇಜಿನ ಮೇಲೆ ಚೂರು ತಳ್ಳಿದ್ರೆ ಬುಗುರಿ ಥರ ತಿರುಗುತ್ತೆ.

ಮೈಸೂರು ಮಾವ: ಡೊಂಕಾಗಿದೆಯಲ್ಲೋ! ಬೇಕಂತಲೇ ಹಾಗೆ ಹೊಡೆದಿದ್ದಾರಾ?

ಪುಟ್ಟ ನ್ಯೂಜೆರ್ಸಿ: ಹೂಂ. ಕಾಯ್ದೆಯಲ್ಲೇ ಬರೆದಿತ್ತು. ಅಲ್ಲಿನ ಟಂಕಸಾಲೆ ಅಂಥದ್ದು ಮಾಡಿದ್ದು ಅದೇ ಮೊದಲು.

ಅತ್ತೆ: 82ರ ಏಷ್ಯಾಡ್ ಎರಡು ರೂಪಾಯಿನೆಲ್ಲ ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟಿದ್ದಾರೆ, ಬೇಳೆ ಹಾಕೋಣ ಅಂದ್ರೆ ಬಾಟ್ಲಿಲ್ಲ. ಇನ್ನು ಈ ಡೊಂಕಿಂದು ಬೇರೆ.

ಮೈಸೂರು ಮಾವ: ಅದಕ್ಕೆ ನಾನು ಕೊಟ್ಟಿದ್ದು ಎರಡೇ ರೂಪಾಯಿ ಕಣೇ. ಪುಟ್ಟಾ, ಡಿಸೆಂಬರ್‌ನಲ್ಲಿ ಬರ್ತಾ ನಂಗೂ ಒಂದು ತಗೊಂಡ್ಬಾ. ಆ ಮೇಲಿನ 5 ಡಾಲರ್ ಮಾತ್ರ ನಾನು ಕೊಡಲ್ಲ.