ಅಪ್‌ಡೇಟ್: ಫುಟ್‌ಬಾಲ್‌ಗಳ ಗಾಳಿ ಸೋರುವುದು ನಿಂತಿತು
ಕಾರವಾರದ ಟಾಗೋರ್ ಕಡಲತೀರದಲ್ಲಿ ಅಭ್ಯಾಸ ಮಾಡುವ ಕಾಲೇಜು ತಂಡದ ಐದು ಚೆಂಡುಗಳು ರಾತ್ರಿ ಕಳೆಯುವುದರೊಳಗೆ ಮೆತ್ತಗಾಗುತ್ತವೆ ಅಂತ ಹೋದ ವಾರ ಕೇಳಿದ್ದೆ. ಸೋಪಿನ ನೀರು ಹಚ್ಚಿ ನೋಡಿ ಎಂದವರಿಗೆ ದೊಡ್ಡ ಧನ್ಯವಾದ. ನಾಲ್ಕರಲ್ಲಿ ಗುಳ್ಳೆ ಎದ್ದದ್ದು ವಾಲ್ವ್‌ನಿಂದಲೇ, ಹೊಲಿಗೆಯಿಂದಲ್ಲ. ಪಂಪಿನ ಒಣ ಸೂಜಿ ಚುಚ್ಚಿ ಚುಚ್ಚಿ ರಬ್ಬರ್ ಸವೆದಿತ್ತು, ಜೊತೆಗೆ ಮರಳಿನ ಕಣ ಬೇರೆ. ವಾಲ್ವ್ ಒರೆಸಿ ಎರಡು ಹನಿ ಗ್ಲಿಸರಿನ್ ಬಿಟ್ಟು, ಸೂಜಿಗೂ ಸವರಿ, ನೆಟ್ಟಗೆ ನಿಧಾನ ಇಳಿಸಿದ ಮೇಲೆ ನಾಲ್ಕೂ ಸರಿಯಾದವು. ಐದನೆಯದರ ಬ್ಲಾಡರೇ (ಒಳಗಿನ ಗಾಳಿ ಚೀಲ) ತೂತು, ಅಂಟು ಹಿಡಿಯಲಿಲ್ಲ. ತೆಂಗಿನೆಣ್ಣೆ ಮಾತ್ರ ಬೇಡ, ಎಣ್ಣೆಗೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಅಚ್ಚರಿಯಾದದ್ದು ಒತ್ತಡ ಅಳೆಯುವ ಗೇಜ್ ಹಾಕಿದಾಗ: ನಿಯಮದ ಒತ್ತಡ 8.5ರಿಂದ 15.6 ಪಿಎಸ್‌ಐ, ಕೈಯಲ್ಲಿ ಒತ್ತಿ ನೋಡಿ ತುಂಬಿದ್ದು 18! ಬಿಸಿಲಲ್ಲಿಟ್ಟರೆ ಇನ್ನೂ ಏರುತ್ತದೆ. ಈಗ 10ಕ್ಕೇ ನಿಲ್ಲಿಸಿ ನೆರಳಲ್ಲಿಡುತ್ತೇವೆ.